1987ರ ಪೋರ್ಷೆ 944 ಟರ್ಬೊ ಕೊಳ್ಳುವ ಯೋಚನೆ: ಬೆಲ್ಟಿನ ರಸೀದಿ ಇಲ್ಲ, ಮುಂದುವರಿಯಲೇ?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಹತ್ತಿರದಲ್ಲೇ 1987ರ 944 ಟರ್ಬೊ ಮಾರಾಟಕ್ಕಿದೆ. ಕೆಂಪು ಬಣ್ಣ, ಓಡೊಮೀಟರಿನಲ್ಲಿ 88,000 ಮೈಲಿ. ಡ್ಯಾಶ್‌ಬೋರ್ಡ್ ಎರಡು ಕಡೆ ಸೀಳಿದೆ, ಡಿಕ್ಕಿ ಗಾಜಿನ ಅಂಚು ಸ್ವಲ್ಪ ಎದ್ದಿದೆ, ಉಳಿದಂತೆ ನೋಡಲು ಚೆನ್ನಾಗಿದೆ. ಟೈಮಿಂಗ್ ಬೆಲ್ಟ್ ಮೂರು ವರ್ಷದ ಹಿಂದೆ ಹಾಕಿಸಿದ್ದು ಅಂತ ಮಾರುವವರು ಹೇಳ್ತಾರೆ, ರಸೀದಿ ಇಲ್ಲ. ಎಂಜಿನ್ ಕಂಪ್ಯೂಟರಿನ ಚಿಪ್ ಬದಲಾಗಿದೆ, ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಹೆಚ್ಚುಕಡಿಮೆ ಮಾಡಲು ಕೈಯಲ್ಲಿ ತಿರುಗಿಸುವ ಕಂಟ್ರೋಲರ್ ಕೂಡ ಇದೆ.

ವಾರಾಂತ್ಯಕ್ಕೆ ಮಾತ್ರ ಓಡಿಸುವ ಕಾರು. ನೋಡಲು ಹೋದಾಗ ಮೊದಲು ಏನನ್ನು ಪರೀಕ್ಷಿಸಬೇಕು? ಕೊಂಡ ಮೇಲೆ ಯಾವ ಕೆಲಸ ಮುಂದೂಡಬಾರದು? ಟರ್ಬೊ ಇಲ್ಲದ 944 ಕೊಳ್ಳುವುದೇ ಒಳ್ಳೆಯದಾ?

ಪಾನಾ_ಪಕ್ಕಡ್

ರಸೀದಿ ಇಲ್ಲ ಅಂದರೆ ಬೆಲ್ಟ್ ಬದಲಾಗಿಲ್ಲ ಅಂತಲೇ ಲೆಕ್ಕ ಹಿಡಿಯಿರಿ ಸರ್. ಈ ಎಂಜಿನ್ನಿನಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ಬೆಲ್ಟ್ ಹರಿದರೆ ಅಥವಾ ಹಲ್ಲು ಜಾರಿದರೆ ಪಿಸ್ಟನ್ ಮೇಲೆ ಬರುವಾಗ ತೆರೆದೇ ಇರುವ ವಾಲ್ವಿಗೆ ಹೊಡೆಯುತ್ತದೆ, ವಾಲ್ವ್ ಬಗ್ಗುತ್ತದೆ, ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಇಳಿಸಬೇಕಾಗುತ್ತದೆ. ಬೆಲ್ಟು, ರೋಲರುಗಳ ಖರ್ಚು ಒಂದು ಕಡೆ, ಹೆಡ್ ಕೆಲಸದ ಖರ್ಚು ಇನ್ನೊಂದು ಕಡೆ ಇಟ್ಟರೆ ಹೋಲಿಸುವ ಮಾತೇ ಬರುವುದಿಲ್ಲ.

ಇಲ್ಲಿರುವುದು ಒಂದಲ್ಲ, ಎರಡು ಬೆಲ್ಟ್. ಒಂದು ಕ್ಯಾಮ್‌ಶಾಫ್ಟ್ ತಿರುಗಿಸುವುದು, ಇನ್ನೊಂದು ಬ್ಯಾಲೆನ್ಸ್ ಶಾಫ್ಟುಗಳದ್ದು. 2.5 ಲೀಟರಿಗೆ ನಾಲ್ಕೇ ಸಿಲಿಂಡರ್, ಬೋರ್ ಅಂದರೆ ಸಿಲಿಂಡರಿನ ವ್ಯಾಸ 100 ಮಿ.ಮೀ. ಇಷ್ಟು ದೊಡ್ಡ ಪಿಸ್ಟನ್ನುಗಳ ನಡುಕ ಅಡಗಿಸಲು ಮಿತ್ಸುಬಿಷಿಯ ಪೇಟೆಂಟ್ ಪಡೆದು ಎರಡು ಶಾಫ್ಟ್ ಹಾಕಿದ್ದಾರೆ. ಬ್ಯಾಲೆನ್ಸ್ ಬೆಲ್ಟ್ ಹರಿದರೆ ನಡುಕ ಅಷ್ಟೇ ಅಲ್ವಾ ಅಂತ ಕೆಲವರು ಅದನ್ನು ಹಾಗೇ ಬಿಡುತ್ತಾರೆ. ಹರಿದ ತುಂಡು ಟೈಮಿಂಗ್ ಬೆಲ್ಟಿಗೆ ಸುತ್ತಿಕೊಂಡರೆ ಕಥೆ ಮತ್ತೆ ವಾಲ್ವಿಗೇ ಬಂತು.

ಒಮ್ಮೆ ಮುಂಭಾಗ ಬಿಚ್ಚಿದ ಮೇಲೆ ಅರ್ಧ ಕೆಲಸ ಮಾಡಿ ಮುಚ್ಚಬೇಡಿ. ಎರಡೂ ಬೆಲ್ಟ್, ಬೆಲ್ಟ್ ಬಿಗಿಯುವ ಟೆನ್ಶನರ್ ರೋಲರ್, ಐಡ್ಲರ್ ರೋಲರುಗಳು, ಕ್ಯಾಮ್, ಕ್ರ್ಯಾಂಕ್ ಮತ್ತು ಎರಡು ಬ್ಯಾಲೆನ್ಸ್ ಶಾಫ್ಟುಗಳ ಮುಂಭಾಗದ ಸೀಲ್, ಜೊತೆಗೆ ವಾಟರ್ ಪಂಪ್. ಟೈಮಿಂಗ್ ಬೆಲ್ಟಿನ ಬೆನ್ನೇ ವಾಟರ್ ಪಂಪನ್ನು ತಿರುಗಿಸುವುದರಿಂದ ಪಂಪಿನ ಬೇರಿಂಗ್ ಹಿಡಿದುಕೊಂಡರೂ ಬೆಲ್ಟ್ ಹೋಯಿತು. ಸೀಲಿನಿಂದ ಸೋರಿದ ಆಯಿಲ್ ಬೆಲ್ಟಿಗೆ ತಾಗಿದರೆ ರಬ್ಬರ್ ಉಬ್ಬುತ್ತದೆ, ಹೊಸ ಬೆಲ್ಟೂ ಬಾಳುವುದಿಲ್ಲ.

ಸೆಟ್ಟಿಂಗ್ ವಿಷಯ. ಒಂದನೇ ಸಿಲಿಂಡರನ್ನು ಮೇಲ್ತುದಿಗೆ ತನ್ನಿ. ಬೆಲ್‌ಹೌಸಿಂಗ್ ಕಿಟಕಿಯಲ್ಲಿ ಫ್ಲೈವೀಲಿನ ‘ಓಟಿ’ ಗುರುತು ಕಾಣಬೇಕು, ಅದೇ ಹೊತ್ತಿಗೆ ಕ್ಯಾಮ್ ಸ್ಪ್ರಾಕೆಟಿನ ಗುರುತೂ ಕೂಡಬೇಕು. ಎರಡರಲ್ಲಿ ಒಂದನ್ನೇ ನೋಡಿ ನಂಬಬೇಡಿ. ಬ್ಯಾಲೆನ್ಸ್ ಶಾಫ್ಟಿನ ಗುರುತುಗಳನ್ನು ಹಿಂಬದಿಯ ಕವರಿನ ಗುರುತಿಗೆ ಕೂಡಿಸಿ. ಒಂದು ಹಲ್ಲು ತಪ್ಪಿದರೂ ಎಂಜಿನ್ ಏನೂ ಒಡೆಯುವುದಿಲ್ಲ, ಆದರೆ ಸ್ಟೀರಿಂಗ್, ಪೆಡಲ್ ಎಲ್ಲ ಜುಮ್ ಅನ್ನುತ್ತವೆ. ಕ್ರ್ಯಾಂಕ್ ಬೋಲ್ಟಿಗೆ 210 ನ್ಯೂಟನ್ ಮೀಟರ್, ಅದಕ್ಕೆ ಫ್ಲೈವೀಲ್ ಲಾಕ್ ಬೇಕೇ ಬೇಕು.

ಬಿಗಿತ ನೋಡಲು ಪೋರ್ಷೆಯದೇ 9201 ಅನ್ನುವ ಉಪಕರಣವಿದೆ. ಅದರ ಅಳತೆಯಲ್ಲಿ ಹೊಸ ಟೈಮಿಂಗ್ ಬೆಲ್ಟಿಗೆ 4.0, ಬ್ಯಾಲೆನ್ಸ್ ಬೆಲ್ಟಿಗೆ 2.7. ಎರಡಕ್ಕೂ 0.3 ಹೆಚ್ಚುಕಡಿಮೆ ನಡೆಯುತ್ತದೆ. ಬ್ಯಾಲೆನ್ಸ್ ಬೆಲ್ಟಿಗೂ ಅದರ ಸಣ್ಣ ಐಡ್ಲರ್ ರೋಲರಿಗೂ ನಡುವೆ 0.5 ಮಿ.ಮೀ. ಸಂದು ಇರಬೇಕು, ಫೀಲರ್ ಗೇಜ್ ತೂರಿಸಿ ನೋಡಿ. ತುಂಬಾ ಜನ ಆ ರೋಲರನ್ನು ಬೆಲ್ಟಿಗೆ ಒತ್ತಿ ಕೂರಿಸಿಬಿಡುತ್ತಾರೆ, ಮುಂದಿನ ವಾರದಿಂದಲೇ ಸಿಳ್ಳೆ ಹೊಡೆಯುವ ಸದ್ದು ಶುರು. 1987ರ ಕಾರಿನಲ್ಲಿ ಟೈಮಿಂಗ್ ಬೆಲ್ಟಿಗೆ ಸ್ಪ್ರಿಂಗ್ ಟೆನ್ಶನರ್ ಬಂದಿರುವುದು ಅನುಕೂಲ. ಆದರೆ ಹೆಸರು ನೋಡಿ ಮೋಸಹೋಗಬೇಡಿ. ಸ್ಪ್ರಿಂಗ್ ಬಿಗಿತ ಕೊಡುವುದು ಸೆಟ್ ಮಾಡುವಾಗ ಮಾತ್ರ, ಬೋಲ್ಟ್ ಬಿಗಿದ ಮೇಲೆ ಅದು ತಾನಾಗಿ ಹೊಂದಿಕೊಳ್ಳುವುದಿಲ್ಲ. ಹೊಸ ಬೆಲ್ಟ್ 2,000 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕು. ಆಮೇಲೆ 50,000 ಕಿ.ಮೀ. ಅಥವಾ ನಾಲ್ಕು ವರ್ಷ, ಯಾವುದು ಮೊದಲೋ ಅದು. ವಾರಾಂತ್ಯದ ಕಾರಿಗೆ ಯಾವಾಗಲೂ ವರ್ಷವೇ ಮೊದಲು ಬರುತ್ತದೆ.

ಬೆರಳಲ್ಲಿ ಹಿಡಿದು ಬೆಲ್ಟನ್ನು 90 ಡಿಗ್ರಿ ತಿರುಚಿ "ಸರಿ ಇದೆ" ಅನ್ನುವವರಿಗೆ ಈ ಕಾರು ಕೊಡಬೇಡಿ.

ಕಾವೇರಿತೀರ

ಧನ್ಯವಾದ ಸರ್. ಸೀಲು, ಪಂಪು ಎಲ್ಲ ಒಟ್ಟಿಗೆ ಅಂದಿರಲ್ಲ, ಥರ್ಮೋಸ್ಟಾಟ್ ಕೂಡ ಅದೇ ಹೊತ್ತಿಗಾ?

ಪಾನಾ_ಪಕ್ಕಡ್

ಹೌದು. ಅದು ವಾಟರ್ ಪಂಪಿನ ಬಾಯಲ್ಲೇ ಕೂತಿರುತ್ತದೆ, ಸರ್ಕ್ಲಿಪ್ ತೆಗೆದರೆ ಬರುತ್ತದೆ. ಒಳಗೆ ಒಂದು ಸಣ್ಣ ಸೀಲ್ ರಿಂಗ್ ಇದೆ, ಹಳೆಯದು ಅಲ್ಲೇ ಅಂಟಿಕೊಂಡಿದ್ದರೆ ಹೊಸ ಥರ್ಮೋಸ್ಟಾಟ್ ಸರಿಯಾಗಿ ಕೂರುವುದಿಲ್ಲ. ಕೂಲಂಟ್ ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಹೆಡ್ಡಿನ ಮುಂದಿನ ನೀರಿನ ಕೊಳವೆಯ ಮೇಲಿರುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ ಬಿಡಿ. ಗಾಳಿ ಉಳಿದರೆ ಗೇಜ್ ಮಾಮೂಲಿ ತೋರಿಸುತ್ತಿರುತ್ತದೆ, ಹೆಡ್ ಮಾತ್ರ ಒಳಗೊಳಗೇ ಕಾಯುತ್ತದೆ.

ಎರಡನೇ_ಗೇರ್

ತಲೆಬಿಸಿಯ ಮಾತೇ ಮೊದಲು ಬಂತು. ಈ ಕಾರನ್ನು ಜನ ಯಾಕೆ ಹುಡುಕಿಕೊಂಡು ಹೋಗುತ್ತಾರೆ ಅನ್ನುವುದೂ ಹೇಳಬೇಕಲ್ಲ.

ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ, ಎರಡನ್ನೂ ಕೂಡಿಸುವುದು ಟಾರ್ಕ್ ಟ್ಯೂಬ್ ಅನ್ನುವ ಉದ್ದದ ಕೊಳವೆಯೊಳಗಿನ ಶಾಫ್ಟ್. ಹಾಗಾಗಿ ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ. ಆ ಕಾಲದ 911 ಟರ್ಬೊದಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎಗರಿ ಬರುವ ಭಯವಿದೆ. 944ರಲ್ಲಿ ಅದೇ ತಪ್ಪು ಮಾಡಿದರೆ ಮೂಗು ಸ್ವಲ್ಪ ಒಳಗೆ ತಿರುಗುತ್ತದೆ, ಅಷ್ಟೇ. ಹೊಸಬರಿಗೂ ಕಾರು ಮೊದಲೇ ಸೂಚನೆ ಕೊಡುತ್ತದೆ.

1985ರಲ್ಲಿ ಬಂದಾಗ 220 ಅಶ್ವಶಕ್ತಿ, 330 ನ್ಯೂಟನ್ ಮೀಟರ್ ಟಾರ್ಕ್, ಗಂಟೆಗೆ 245 ಕಿ.ಮೀ. ಕಂಪ್ರೆಶನ್ ಅನುಪಾತ ಬರೀ 8ಕ್ಕೆ 1, ಅದಕ್ಕೇ 2,500 ಆರ್‌ಪಿಎಂ ಕೆಳಗೆ ಕಾರು ಮಂಕು. 3,000 ದಾಟುತ್ತಿದ್ದಂತೆ ಬೂಸ್ಟ್ ಮುಳ್ಳು ಏಳುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, 6,000ದವರೆಗೆ ಅದೇ ಎಳೆತ. ಈಗಿನ ಟರ್ಬೊ ಕಾರುಗಳಲ್ಲಿ 1,500ಕ್ಕೇ ಟಾರ್ಕ್ ಸಿಗುತ್ತದೆ, ಓಡಿಸಲು ಸುಲಭ, ಆದರೆ ಆ ಕಾದು ಬರುವ ಎಳೆತದ ರುಚಿ ಇರುವುದಿಲ್ಲ. ಯಾವ ಗೇರಿನಲ್ಲಿದ್ದರೆ ತಿರುವು ಮುಗಿಯುವಾಗ ಬೂಸ್ಟ್ ಸಿಗುತ್ತದೆ ಅಂತ ಚಾಲಕ ಲೆಕ್ಕ ಹಾಕಬೇಕು. ಈ ಲೆಕ್ಕವೇ ಬೇಸರ ಅನ್ನುವವರು ಬೇರೆ ಕಾರು ನೋಡುವುದು ಒಳ್ಳೆಯದು.

ನಿಮ್ಮ 1987ರ ಅಮೆರಿಕನ್ ಮಾದರಿಗೆ ಇನ್ನೊಂದು ಹೆಗ್ಗಳಿಕೆ. ಅಮೆರಿಕದಲ್ಲಿ ಚಾಲಕ, ಪಕ್ಕದವರು ಇಬ್ಬರಿಗೂ ಏರ್‌ಬ್ಯಾಗ್ ಎಲ್ಲ ಕಾರಿಗೂ ಮೊದಲೇ ಜೋಡಿಸಿ ಮಾರಿದ ಮೊದಲ ಕಾರು ಇದೇ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ಸುಟ್ಟಿದೆ ಅಥವಾ ಯಾರೋ ಕಿತ್ತಿದ್ದಾರೆ ಅಂತ ಅನುಮಾನಿಸಿ.

ಓಡೊಮೀಟರನ್ನು ಮಾತ್ರ ನಂಬಬೇಡಿ. ಅದರೊಳಗಿನ ಪ್ಲಾಸ್ಟಿಕ್ ಗೇರ್ ಒಡೆದು ಎಣಿಕೆ ನಿಂತುಹೋಗುವುದು ಈ ಕಾರುಗಳಲ್ಲಿ ತೀರಾ ಸಾಮಾನ್ಯ, ಸ್ಪೀಡೊಮೀಟರ್ ಮಾತ್ರ ಸರಿಯಾಗೇ ತೋರಿಸುತ್ತಿರುತ್ತದೆ. ಓಡಿಸಿ ನೋಡುವಾಗ ಒಂದು ಮೈಲಿಗೆ ಒಂದು ಅಂಕೆ ಏರುತ್ತದಾ ನೋಡಿ. ಓಡುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಬೇಡಿ, ಆ ಗೇರ್ ಒಡೆಯುವುದೇ ಹಾಗೆ.

ಮಲಪ್ರಭಾ_ದಂಡೆ

ಬೂಸ್ಟ್ ಗೇಜ್ ಓದೂದ ಮೊದಲು ಕಲೀರಿ ಸರ್. ಈ ಕಾರಿನ ಗೇಜು ಹೊರಗಿನ ಗಾಳಿಯ ಒತ್ತಡಾನೂ ಸೇರಿಸಿ ತೋರಸ್ತದ. ಎಂಜಿನ್ ಬಂದ್ ಇದ್ದಾಗ ಮುಳ್ಳು 1.0 ಬಾರ್ ಮ್ಯಾಲೆ ಇರಬೇಕು. 1.7 ತೋರಿಸಿದ್ರ ನಿಜವಾದ ಬೂಸ್ಟ್ 0.7 ಅಷ್ಟ. ಇದು ಗೊತ್ತಿಲ್ಲದ ಮಂದಿ ಬಾಳ ಬೂಸ್ಟ್ ಐತಿ ಅಂತ ಹೆದರತಾರ, ಇಲ್ಲಾಂದ್ರ ಹಿಗ್ಗತಾರ.

ಎಂಜಿನ್ ಪೂರ್ತಿ ಕಾದ ಮ್ಯಾಲೆ ಖುಲ್ಲಾ ರಸ್ತೆದಾಗ ಮೂರನೇ ಗೇರ್ ಹಾಕಿ 2,500ರಿಂದ ಆಕ್ಸಿಲರೇಟರ್ ಪೂರ್ತಿ ಒತ್ತರಿ. ಕಂಪನಿ ಸೆಟ್ಟಿಂಗಿನ್ಯಾಗ ಇದ್ರ ಮುಳ್ಳು 1.7ರ ಸುತ್ತಮುತ್ತ ಹೋಗಿ ನಿಲ್ಲಬೇಕು. 1.3ಕ್ಕ ಸೋತು ನಿಂತ್ರ ಎಲ್ಲೋ ಸೋರಾಕತ್ತೇತಿ, ಇಲ್ಲಾ ಹೆಚ್ಚಿನ ಹೊಗಿ ಟರ್ಬೊ ತಪ್ಪಿಸಿ ಬಿಡೂ ವೇಸ್ಟ್‌ಗೇಟ್ ಮುಚ್ಚವಲ್ಲದು. 1.9 ದಾಟಿದ್ರ ಯಾರೋ ಕೈ ಹಾಕ್ಯಾರ, ನಿಮ್ಮ ಕಾರಿನ್ಯಾಗ ಕಂಟ್ರೋಲರ್ ಇರೂದರಿಂದ ಇದನ್ನ ನೀವು ನೋಡೇ ನೋಡತೀರಿ.

ಕಂಟ್ರೋಲರ್ ಯಾಕ ಬ್ಯಾಡ ಅಂದ್ರ, ಕಂಪನಿಯವರು ಬೂಸ್ಟನ್ನ ಸೈಕ್ಲಿಂಗ್ ವಾಲ್ವ್ ಅನ್ನೂ ಸಣ್ಣ ವಾಲ್ವಿನ ಕೈಯಾಗ ಕೊಟ್ಟಾರ, ಅದರ ಲಗಾಮು ಕೆಎಲ್‌ಆರ್ ಅನ್ನೂ ಕಂಪ್ಯೂಟರಿನ ಕಡೆ ಐತಿ. ನಾಕ್ ಸೆನ್ಸರಿಗೆ ಬಡಿತ ಕೇಳಿದ ಕೂಡ್ಲೆ ಅದು ಇಗ್ನಿಷನ್ ಹಿಂದಕ್ಕ ಎಳೀತದ, ಬೂಸ್ಟೂ ಇಳಸ್ತದ. ಕೈ ಕಂಟ್ರೋಲರ್ ಹಾಕಿದ್ರ ಬೂಸ್ಟ್ ಇಳಸೂ ಹಾದಿ ಬಂದ್ ಆತು. ಗಾಳಿ ಹೆಚ್ಚು, ಅದಕ್ಕ ತಕ್ಕ ಪೆಟ್ರೋಲ್ ಇಲ್ಲ, ಒಳಗ ಉರಿ ಏರತದ, ಹೆಡ್ ಗ್ಯಾಸ್ಕೆಟ್ ಉಂಗುರ ಸುಟ್ಟು ಎರಡು ಸಿಲಿಂಡರ್ ನಡುವೆ ದಾರಿ ಆಗತದ. ಗಾಡಿ ಕೊಂಡ ದಿನಾನ ಅದನ್ನ ಕಿತ್ತು, ಕಂಪನಿ ಹೋಸುಗಳನ್ನ ಮತ್ತ ಜೋಡಸ್ರಿ. ಚಿಪ್ಪೂ ಕಂಪನೀದ ಹಾಕಸ್ರಿ. ಪೆಟ್ರೋಲು ಅಮೆರಿಕದ ಲೆಕ್ಕದಾಗ 91 ಆಕ್ಟೇನಿಗಿಂತ ಕಡಿಮಿ ಹಾಕಬ್ಯಾಡ್ರಿ.

ಸೋರಿಕೆ ಹುಡಕೂದು ಹಿಂಗ. ಏರ್ ಫ್ಲೋ ಮೀಟರ್ ಕಡೆಯಿಂದ ಬರೂ ರಬ್ಬರ್ ಪೈಪ್ ಬಿಚ್ಚಿ, ಬಾಯಿಗೆ ಟೈರ್ ವಾಲ್ವ್ ಇರೂ ಮುಚ್ಚಳ ಕ್ಲಾಂಪ್ ಹಾಕಿ ಬಿಗೀರಿ. ಕಂಪ್ರೆಸರಿನಿಂದ ಸಾವಕಾಶ 0.7 ಬಾರ್ ತನಕ ಗಾಳಿ ತುಂಬರಿ. ಟರ್ಬೊ ಒತ್ತಿದ ಗಾಳಿ ತಂಪು ಮಾಡೂ ಇಂಟರ್‌ಕೂಲರಿನ ಎರಡೂ ಬಾಯಿ, ಪೈಪುಗಳ ಜೋಡಣಿ, ಇಂಟೇಕ್ ಮ್ಯಾನಿಫೋಲ್ಡ್ ತಳಾ, ಎಲ್ಲಾ ಕಡೆ ಸೋಪಿನ ನೀರು ಹೊಡೀರಿ, ಗುಳ್ಳಿ ಬಂದಲ್ಲಿ ತೂತು. ಬಾಳಷ್ಟು ವ್ಯಾಕ್ಯೂಮ್ ಪೈಪ್ ಮ್ಯಾನಿಫೋಲ್ಡ್ ಕೆಳಗ ಕಾವಿನಾಗ ಬೆಂದು ಬಿರುಸಾಗಿ, ಬೆರಳಿಂದ ಒತ್ತಿದ್ರ ಹಪ್ಪಳದಂಗ ಮುರೀತಾವ. ಮ್ಯಾನಿಫೋಲ್ಡ್ ಇಳಿಸಿದಾಗ ಒಂದೂ ಬಿಡದ ಸಿಲಿಕೋನ್ ಪೈಪ್ ಹಾಕಿಬಿಡ್ರಿ.

ನೆಕ್ಕರ್_ಕನ್ನಡತಿ

ಮಲಪ್ರಭಾ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಬೂಸ್ಟ್ ತಡವಾಗಿ ಬಂದರೆ ಎಲ್ಲರೂ ಟರ್ಬೊ ಹಾಳಾಗಿದೆ ಅಂದುಕೊಳ್ಳುತ್ತಾರೆ, ಎಷ್ಟೋ ಸಲ ತಪ್ಪು ಇರುವುದು ಎಕ್ಸಾಸ್ಟ್ ಕಡೆ. ಈ ಕಾರಿನಲ್ಲಿ ಎಕ್ಸಾಸ್ಟ್ ಒಂದು ಪಕ್ಕ, ಟರ್ಬೊ ಎದುರು ಪಕ್ಕ. ನಡುವೆ ಎಂಜಿನ್ ಕೆಳಗಿಂದ ಹಾದುಹೋಗುವ ಪೈಪ್. ಅಷ್ಟು ದೂರದಲ್ಲಿ ಹೊಗೆಯ ಬಿಸಿ ಆರದಿರಲಿ ಅಂತ ಹೆಡ್ಡಿನ ಎಕ್ಸಾಸ್ಟ್ ಪೋರ್ಟಿನೊಳಗೆ ಸೆರಾಮಿಕ್ ಕವಚ ಕೂಡ ಎರಕ ಹೊಯ್ದಿದ್ದಾರೆ. ಆ ಪೈಪಿನ ಜೋಡಣೆ ಸೋರಿದರೆ, ಹೆಡರ್ ಬಿರುಕು ಬಿಟ್ಟರೆ, ಟರ್ಬೈನ್ ತಿರುಗಿಸಬೇಕಾದ ಹೊಗೆ ಹೊರಗೇ ಹೋಗುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿ ಕೊಡಿ. ಟಿಕ್ ಟಿಕ್ ಸದ್ದು ಬಂದು ಕಾದಂತೆ ಕಡಿಮೆಯಾದರೆ ಅದು ಬಿರುಕಿನದು.

ಟರ್ಬೊ ಪರೀಕ್ಷೆ: ಇಂಟೇಕ್ ಪೈಪ್ ಬಿಚ್ಚಿ ಕಂಪ್ರೆಸರ್ ಚಕ್ರದ ನಟ್ ಹಿಡಿದು ಆಡಿಸಿ. ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ, ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ತಿಳಿಯಬಾರದು. ರೆಕ್ಕೆಯ ತುದಿ ಹೌಸಿಂಗಿಗೆ ಉಜ್ಜಿದ ಗೆರೆ ಕಂಡರೆ ಟರ್ಬೊ ರೀಬಿಲ್ಡ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಈ ಟರ್ಬೊಗೆ ನೀರಿನ ತಂಪೂ ಇದೆ, ಎಂಜಿನ್ ನಿಲ್ಲಿಸಿದ ಮೇಲೂ ಕೂಲಂಟ್ ತಿರುಗಿಸಲು ಪುಟ್ಟ ಎಲೆಕ್ಟ್ರಿಕ್ ಪಂಪ್ ಇದೆ. ಕೀ ತೆಗೆದ ಮೇಲೆ ಬಾನೆಟ್ ಎತ್ತಿ ನಿಂತರೆ ಸಣ್ಣ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಆ ಪಂಪ್ ಸತ್ತಿದೆ. ಮಾರುವವರಿಗೆ ಬಹುಪಾಲು ಅದು ಇರುವುದೇ ಗೊತ್ತಿರುವುದಿಲ್ಲ. ಅದಿಲ್ಲದೆ ವರ್ಷಗಟ್ಟಲೆ ಓಡಿದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಗಟ್ಟುತ್ತದೆ.

ಬ್ರೇಕ್ ಬಗ್ಗೆ ಯಾರೂ ಹೇಳಲಿಲ್ಲ. ಬ್ರೆಂಬೊ ನಾಲ್ಕು ಪಿಸ್ಟನ್ ಕ್ಯಾಲಿಪರ್, ಹೊಸದಿದ್ದಾಗ ಅದ್ಭುತ. ಕ್ಯಾಲಿಪರ್ ಅಲ್ಯುಮಿನಿಯಂ, ಪ್ಯಾಡ್ ಜಾರುವ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ತೆಳು ತಗಡು. ತಗಡಿನ ಅಡಿ ಬಿಳಿ ಪುಡಿಯಾಗಿ ತುಕ್ಕು ಬೆಳೆದು ಅದನ್ನು ಮೇಲಕ್ಕೆ ಎತ್ತುತ್ತದೆ, ಪ್ಯಾಡ್ ಸಿಕ್ಕಿಹಾಕಿಕೊಳ್ಳುತ್ತದೆ. ಚಕ್ರ ಬಿಚ್ಚಿ ಪ್ಯಾಡನ್ನು ಕೈಯಲ್ಲೇ ಹೊರಗೆ ಎಳೆಯಲು ನೋಡಿ. ಸುತ್ತಿಗೆ ಬೇಕಾಯಿತು ಅಂದರೆ ತಗಡು ಬಿಚ್ಚಿ, ಅಡಿ ಕೆರೆದು, ಹೊಸ ಸ್ಕ್ರೂ ಹಾಕಿ ಕೂರಿಸಬೇಕು. ಹಳೆ ಸ್ಕ್ರೂ ಅರ್ಧಕ್ಕೆ ತುಂಡಾಗುವುದು ಮಾಮೂಲು, ಬಿಸಿ ಮಾಡದೆ ತಿರುಗಿಸಬೇಡಿ.

ಎಂಜಿನ್ ಮೌಂಟ್ ಎರಡೂ ಒಳಗೆ ದ್ರವ ತುಂಬಿದವು. ಎಕ್ಸಾಸ್ಟ್ ಪಕ್ಕದ್ದು ಮೊದಲು ಕುಸಿಯುತ್ತದೆ, ಐಡಲಿನಲ್ಲಿ ಕನ್ನಡಿ ನಡುಗಿದರೆ ಮೊದಲ ಅನುಮಾನ ಅದರ ಮೇಲೆ. ಮುಂಭಾಗದ ಅಲ್ಯುಮಿನಿಯಂ ಕಂಟ್ರೋಲ್ ಆರ್ಮಿಗೆ ಬಾಲ್ ಜಾಯಿಂಟ್ ಸೇರಿಕೊಂಡೇ ಬರುತ್ತದೆ, ಕಂಪನಿಯವರು ಬೇರೆ ಕೊಡುತ್ತಿರಲಿಲ್ಲ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದ್ದರೆ ಜಾಯಿಂಟ್ ತನ್ನ ಮಿತಿ ದಾಟಿ ಆರ್ಮ್ ಬಿರುಕು ಬಿಡುತ್ತದೆ. ಅಂಥ ಕಾರಾದರೆ ಆರ್ಮನ್ನು ಮರೆಯದೆ ನೋಡಿಸಿ.

ಶರಾವತಿ_ಹಿನ್ನೀರು

ಎಲ್ಲ ಸರಿ ಮೇಡಂ, ಆದರೆ ಇಷ್ಟೊಂದು ತಲೆನೋವು ಯಾಕೆ ಬೇಕು? 944 ಎಸ್2 ತಗೊಳ್ಳಲಿ. 3 ಲೀಟರ್, 16 ವಾಲ್ವ್, 211 ಅಶ್ವಶಕ್ತಿ. ಮೈಕಟ್ಟು ಟರ್ಬೊದ್ದೇ, ಮೂಗೂ ಅದೇ. ಟರ್ಬೊ ಇಲ್ಲ, ಇಂಟರ್‌ಕೂಲರ್ ಇಲ್ಲ, ಅಡ್ಡ ಪೈಪ್ ಇಲ್ಲ, ಕಾಯುವುದೂ ಇಲ್ಲ. ಊರೊಳಗೆ ಓಡಿಸಲು ಎಸ್2 ಎಷ್ಟೋ ಮೇಲು.

ಪಾನಾ_ಪಕ್ಕಡ್

ಊರೊಳಗೆ ಎಸ್2 ಮೇಲು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಖರ್ಚಿಲ್ಲ ಅನ್ನುವುದನ್ನು ಒಪ್ಪಲಾರೆ. ಎಸ್2ನಲ್ಲಿ ಬೆಲ್ಟ್ ತಿರುಗಿಸುವುದು ಒಂದು ಕ್ಯಾಮ್ ಮಾತ್ರ, ಎರಡನೆಯದಕ್ಕೆ ಎರಡು ಕ್ಯಾಮ್‌ಗಳ ನಡುವೆ ಚಿಕ್ಕ ಚೈನ್ ಇದೆ. ಆ ಚೈನಿನ ಟೆನ್ಶನರ್ ಮೇಲಿನ ಪ್ಲಾಸ್ಟಿಕ್ ಪ್ಯಾಡ್ ಸವೆದು ಒಡೆದರೆ ಚೈನ್ ಕ್ಯಾಮ್‌ನ ಹಲ್ಲನ್ನೇ ಮುರಿಯುತ್ತದೆ. ಆ ಕ್ಯಾಮ್ ಜೋಡಿಯ ಬೆಲೆ ಟರ್ಬೊ ರೀಬಿಲ್ಡನ್ನೂ ಮೀರಿಸಬಹುದು. ವಾಲ್ವ್ ಕವರ್ ತೆಗೆದು ಪ್ಯಾಡ್ ನೋಡದೆ ಎಸ್2 ಕೊಳ್ಳಲೇಬಾರದು. ಎರಡು ಬೆಲ್ಟಿನ ಕೆಲಸ ಅಲ್ಲೂ ತಪ್ಪಿದ್ದಲ್ಲ.

ಕ್ಲಚ್ ವಿಷಯದಲ್ಲೂ ಎರಡು ಕಾರೂ ಸಮ. ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ಮುಂದಿರುವ ಕ್ಲಚ್ ಮುಟ್ಟಲು ಎಕ್ಸಾಸ್ಟ್ ಇಳಿಸಿ, ಗೇರ್‌ಬಾಕ್ಸ್ ಸಡಿಲಿಸಿ, ಟಾರ್ಕ್ ಟ್ಯೂಬನ್ನು ಹಿಂದಕ್ಕೆ ಸರಿಸಿ, ಬೆಲ್‌ಹೌಸಿಂಗ್ ತೆಗೆಯಬೇಕು. ಪಳಗಿದ ಕೈಗೂ ಎರಡು ದಿನ. ಹಳೆಯ ಕ್ಲಚ್ ಪ್ಲೇಟಿನ ನಡುವೆ ಕಂಪನ ಹೀರಲು ರಬ್ಬರ್ ಇರುತ್ತಿತ್ತು. ಲೈನಿಂಗ್ ಚೆನ್ನಾಗಿದ್ದರೂ ಆ ರಬ್ಬರ್ ಹರಿಯುತ್ತದೆ. ಕ್ಲಚ್ ಬಿಡುವಾಗ ಧಡ್ ಅಂದರೆ ಅದೇ. ಹಾಕುವಾಗ ಸ್ಪ್ರಿಂಗ್ ಇರುವ ಪ್ಲೇಟ್ ಹಾಕಿ. ಟ್ಯೂಬ್ ಹೇಗೂ ಇಳಿದಿರುತ್ತದೆ, ಅದರೊಳಗಿನ ಬೇರಿಂಗುಗಳನ್ನು ಕೈಯಲ್ಲಿ ತಿರುಗಿಸಿ ಸದ್ದು ಕೇಳಿ. ಬೆಲ್‌ಹೌಸಿಂಗಿನ ಮೇಲಿರುವ, ಎಂಜಿನ್ನಿನ ವೇಗ, ಸ್ಥಾನ ಹೇಳುವ ಸ್ಪೀಡ್ ಮತ್ತು ರೆಫರೆನ್ಸ್ ಸೆನ್ಸರ್ ಎರಡನ್ನೂ ಆಗಲೇ ಬದಲಿಸಿ, ಫ್ಲೈವೀಲಿನಿಂದ 0.8 ಮಿ.ಮೀ. ಅಂತರ. ಅವುಗಳ ವೈರಿನ ಕನೆಕ್ಟರ್ ಕಾವಿಗೆ ಬೆಂದು ಮುಟ್ಟಿದರೆ ಪುಡಿಯಾಗುತ್ತದೆ, ಎರಡು ಕನೆಕ್ಟರ್ ಅದಲುಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ.

ಕಾವೇರಿತೀರ

ಸ್ಟಾರ್ಟ್ ಆಗದೆ ದಾರಿಯಲ್ಲಿ ನಿಲ್ಲುವುದು ಈ ಕಾರಿಗೆ ಸಾಮಾನ್ಯವಾ? ಮನೆಯವರ ಮೊದಲ ಪ್ರಶ್ನೆಯೇ ಅದು.

ಮಲಪ್ರಭಾ_ದಂಡೆ

ನಿಂತ್ರ ಹತ್ತರಾಗ ಏಳೆಂಟು ಸಲ ಡಿಎಂಇ ರಿಲೇ ಅಂತ ತಿಳೀರಿ. ಪೆಟ್ರೋಲ್ ಪಂಪಿಗೂ ಎಂಜಿನ್ ಕಂಪ್ಯೂಟರಿಗೂ ಕರೆಂಟ್ ಕೊಡೂದು ಅದ. ಒಳಗಿನ ಬೆಸುಗೆ ಸೀಳತಾವ, ತಣ್ಣಗ ಇದ್ದಾಗ ನಡೀತದ, ಕಾದ ಮ್ಯಾಲೆ ಕೈ ಕೊಡ್ತದ. ಹೊಸದೊಂದು ಹಾಕಿ, ಇನ್ನೊಂದು ಡ್ಯಾಶ್ ಡಬ್ಬಿಯಾಗ ಇಟಗೋರಿ.

ರಿಲೇ ಬದಲಿಸಿದ್ರೂ ಆಗಲಿಲ್ಲ ಅಂದ್ರ, ಸ್ಟಾರ್ಟರ್ ತಿರುಗಸೂವಾಗ ಆರ್‌ಪಿಎಂ ಮುಳ್ಳು ನೋಡ್ರಿ. ಸ್ವಲ್ಪ ಅಲುಗಿದ್ರ ಸೆನ್ಸರ್ ಸಿಗ್ನಲ್ ಬರಾಕತ್ತೇತಿ, ಪೆಟ್ರೋಲ್ ಕಡೆ ಹುಡುಕ್ರಿ. ಮುಳ್ಳು ಸತ್ತಂಗ ಬಿದ್ದಿದ್ರ ಪಾನಾ ಅವರು ಹೇಳಿದ ಆ ಸೆನ್ಸರ್.

ಪೆಟ್ರೋಲ್ ಕಡೆ ಅಂದ ಮ್ಯಾಲೆ ಇದನ್ನ ದೊಡ್ಡ ಅಕ್ಷರದಾಗ ಬರಕೋರಿ: ಎಂಜಿನ್ ಮ್ಯಾಲಿನ ಪೆಟ್ರೋಲ್ ಹೋಸ್. 35 ವರ್ಷ ದಾಟಿದ ರಬ್ಬರು, ಕೆಳಗ ಕೆಂಪಗ ಕಾದ ಟರ್ಬೊ. ಬಗ್ಗಿಸಿದಾಗ ಮ್ಯಾಲೆ ಸಣ್ಣ ಬಿರುಕು ಕಂಡ್ರ, ಪೆಟ್ರೋಲ್ ವಾಸನಿ ಬಂದ್ರ, ಮನಿ ತನಕಾನೂ ಓಡಸಬ್ಯಾಡ್ರಿ, ಟ್ರಕ್ ಮ್ಯಾಲೆ ಹೇರಿಕೊಂಡು ತರ್ರಿ. ಬೆಲ್ಟ್ ಹರಿದ್ರ ಎಂಜಿನ್ ಹೋಗತದ, ಇದು ಹರಿದ್ರ ಕಾರೂ ಹೋಗತದ, ಮಂದಿಗೂ ಅಪಾಯ.

ಎರಡನೇ_ಗೇರ್

ಕ್ಯಾಲಿಫೋರ್ನಿಯಾ ಅಂದಿರಲ್ಲ, ಸ್ಮಾಗ್ ಪರೀಕ್ಷೆ ಮರೆಯಬೇಡಿ. 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಇದೆ, ಹಳೆಯದು ಅಂತ 1987ರ ಕಾರಿಗೆ ವಿನಾಯಿತಿ ಇಲ್ಲ. ಮಾರುವಾಗ 90 ದಿನದೊಳಗಿನ ಸ್ಮಾಗ್ ಪ್ರಮಾಣಪತ್ರ ಕೊಡುವುದು ಮಾರುವವರ ಹೊಣೆ. ಪ್ರಮಾಣಪತ್ರ ಕೈಗೆ ಬರದೆ ಹಣ ಕೊಡಬೇಡಿ.

ಪರೀಕ್ಷೆಯಲ್ಲಿ ಹೊಗೆ ಅಳೆಯುವುದಷ್ಟೇ ಅಲ್ಲ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಿದ್ದರೆ, ಆ ರಾಜ್ಯದ ಅನುಮತಿ ಸಂಖ್ಯೆ ಇಲ್ಲದ ಬೂಸ್ಟ್ ಕಂಟ್ರೋಲರ್ ಕಂಡರೆ ಅಲ್ಲೇ ಫೇಲ್. ಚಿಪ್ ಹೊರಗೆ ಕಾಣುವುದಿಲ್ಲ, ಆದರೆ ಪೆಟ್ರೋಲ್ ಹೆಚ್ಚು ಸುರಿಯುವ ಚಿಪ್ಪಾದರೆ ಹೊಗೆಯಲ್ಲೇ ಸಿಕ್ಕಿಬೀಳುತ್ತದೆ. ಕಿತ್ತ ಮೂಲ ಭಾಗಗಳು ಡಬ್ಬಿಯಲ್ಲಿ ಇದ್ದರೆ ಕಾರಿನ ಜೊತೆ ಕೊಡಲು ಕೇಳಿ, ಅವಕ್ಕೆ ಈಗ ಬೆಲೆ ಜಾಸ್ತಿ.

ನೆಕ್ಕರ್_ಕನ್ನಡತಿ

ನಾನಿರುವ ಜರ್ಮನಿಯಲ್ಲೂ ಮೂಲ ಸ್ಥಿತಿಗೇ ಬೆಲೆ. ಮೊದಲ ನೋಂದಣಿಯಾಗಿ 30 ವರ್ಷ ತುಂಬಿದ ಕಾರಿಗೆ ತಜ್ಞರ ತಪಾಸಣೆ ಮುಗಿಸಿ, ನಂಬರಿನ ಕೊನೆಗೆ ‘ಎಚ್’ ಅಕ್ಷರ ಪಡೆದರೆ ವರ್ಷಕ್ಕೆ ಸುಮಾರು 191 ಯೂರೊ ತೆರಿಗೆ ಮಾತ್ರ, ಹೊಗೆ ನಿರ್ಬಂಧದ ವಲಯಕ್ಕೂ ಪ್ರವೇಶ ಸಿಗುತ್ತದೆ. ಈಚಿನ ಅಲಂಕಾರ, ದೊಡ್ಡ ಚಕ್ರ ಹಾಕಿದರೆ ಆ ಎಚ್ ಕೈತಪ್ಪುತ್ತದೆ. ಕಾರು ತಯಾರಾದದ್ದು ಇಲ್ಲೇ ನೆಕ್ಕರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ, ಹಾಗಾಗಿ ಬಿಡಿಭಾಗ ಸಿಗುವುದು ಈಗಲೂ ಕಷ್ಟವಿಲ್ಲ.

ಚಕ್ರ ಅಂದಾಗ ನೆನಪಾಯಿತು, 1987ರಿಂದ ಹಬ್ ಬದಲಾಗಿ ಚಕ್ರದ ಆಫ್‌ಸೆಟ್ ಕೂಡ ಬದಲಾಯಿತು. 1986ರ ಚಕ್ರ ನಿಮ್ಮ ಕಾರಿಗೆ ಹಾಕಿದರೆ ಸುಮಾರು 3 ಸೆಂ.ಮೀ. ಹೊರಗೆ ಚಾಚುತ್ತದೆ. ಕಾರಿನ ಆಯ್ಕೆಗಳನ್ನು ಪಟ್ಟಿ ಮಾಡಿದ ಸ್ಟಿಕ್ಕರಿನಲ್ಲಿರುವ ಸಂಕೇತಗಳನ್ನೂ ಓದಿ: ಎಂ220 ಇದ್ದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಒಂದೇ ಹಿಂಚಕ್ರ ಸುಮ್ಮನೆ ತಿರುಗದಂತೆ ತಡೆಯುವುದು), ಎಂ030 ಅಂದರೆ ಸ್ಪೋರ್ಟ್ ಸಸ್ಪೆನ್ಶನ್. 1988ರ 250 ಅಶ್ವಶಕ್ತಿಯ ಟರ್ಬೊ ಎಸ್‌ಗೆ ಎಂ758. ಬಾಲಕ್ಕೆ ‘ಎಸ್’ ಅಂಟಿಸಿ ಬೆಲೆ ಏರಿಸುವವರನ್ನು ಈ ಸಂಖ್ಯೆ ಕೇಳಿ ನಿಲ್ಲಿಸಬಹುದು.

ಬಸವನಗುಡಿ_ಹುಡುಗ

ಅಣ್ಣಾ, ಅಕ್ಕಾ, ಓದಿ ಖುಷಿಯಾಯಿತು. ಇಂಥದ್ದೊಂದನ್ನು ಬೆಂಗಳೂರಿಗೆ ತರಿಸಿಕೊಳ್ಳಲು ಸಾಧ್ಯವಾ?

ಎರಡನೇ_ಗೇರ್

ಈಗಿನ ನಿಯಮದಲ್ಲಿ ದಾರಿ ಕಾಣುವುದಿಲ್ಲ ತಮ್ಮಾ. ಹಳೆ ಕಾರು ಆಮದಿಗೆ ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ದಾಟಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ. ಅದರಲ್ಲೂ ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. 1987ರ ಕಾರಿಗೆ 50 ತುಂಬುವುದು 2037ಕ್ಕೆ.

ಕಾವೇರಿತೀರ

ಶನಿವಾರ ನೋಡಲು ಹೋಗುತ್ತಿದ್ದೇನೆ. ಮೆಕ್ಯಾನಿಕ್ ಕೂಡ ಬರುತ್ತಾರೆ. ಯಾವ ಕ್ರಮದಲ್ಲಿ ನೋಡಲಿ?

ಪಾನಾ_ಪಕ್ಕಡ್

ಎಂಜಿನ್ ಪೂರ್ತಿ ತಣ್ಣಗಿರಲಿ, ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಬಿಡಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಮೊದಲು ಆಯಿಲ್ ಡಿಪ್‌ಸ್ಟಿಕ್. ಮಟ್ಟ ಕೆಳಗಿನ ಗುರುತಿನ ಹತ್ತಿರ ಇದ್ದರೆ ನನಗೆ ಭಯ, ಯಾಕೆಂದರೆ ಈ ಎಂಜಿನ್ನಿನಲ್ಲಿ ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದು ಎರಡನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಒಣಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಓಡಿದ ಕಾರಾದರೆ ಆ ಬೇರಿಂಗ್ ಬಗ್ಗೆ ಬಾಯಿಬಿಟ್ಟು ಕೇಳಿ. ಆಮೇಲೆ ಕೂಲಂಟ್ ಮುಚ್ಚಳ ತೆಗೆದು ಎಣ್ಣೆ ಪದರ ತೇಲುತ್ತಿದೆಯಾ ನೋಡಿ. ಪೆಟ್ರೋಲ್ ಹೋಸ್ ಬಗ್ಗಿಸಿ ನೋಡಿ.

ಸ್ಟಾರ್ಟ್ ಆದಾಗ ಸೈಲೆನ್ಸರ್ ಹಿಂದೆ ಒಬ್ಬರು ನಿಲ್ಲಲಿ. ಒಂದು ಕ್ಷಣ ನೀಲಿ ಹೊಗೆ ಬಂದು ಹೋದರೆ ವಾಲ್ವ್ ಸ್ಟೆಮ್ ಸೀಲ್, ಅದು ದೊಡ್ಡ ವಿಷಯವಲ್ಲ. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಹೆಡ್ ಗ್ಯಾಸ್ಕೆಟ್. ಓಡಿಸಿ ಕಾದ ಮೇಲೆ 3,000 ಆರ್‌ಪಿಎಂನಲ್ಲಿ ಆಯಿಲ್ ಒತ್ತಡ 4 ಬಾರ್ ಆಸುಪಾಸು ಇರಬೇಕು. ಕಡಿಮೆ ತೋರಿಸಿದರೆ ಮೆಕ್ಯಾನಿಕ್ ಬೇರೆ ಗೇಜ್ ಹಾಕಿ ಅಳೆಯಲಿ, ಸೆಂಡರ್ ಸುಳ್ಳು ಹೇಳುವುದು ಇದೆ.

ಕೊನೆಗೆ ಲೀಕ್ ಡೌನ್ ಪರೀಕ್ಷೆ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ಅಳೆಯುವುದು. ನಾಲ್ಕೂ ಸಿಲಿಂಡರಿನಲ್ಲಿ ಸೋರಿಕೆ 10 ಶೇಕಡದೊಳಗಿದ್ದರೆ ನೆಮ್ಮದಿ. ಅಕ್ಕಪಕ್ಕದ ಎರಡು ಸಿಲಿಂಡರ್ 20 ದಾಟಿ ಸೋರಿದರೆ ಆ ಬೂಸ್ಟ್ ಕಂಟ್ರೋಲರ್ ತನ್ನ ಕೆಲಸ ಮುಗಿಸಿದೆ, ಹೆಡ್ ಇಳಿಸುವ ಖರ್ಚು ಬೆಲೆಯಲ್ಲಿ ಇಳಿಯದೆ ಆ ಕಾರು ಬೇಡ.

ಕೊಂಡರೆ ಬೆಲ್ಟ್ ಕವರ್ ಬಿಚ್ಚಿದ ದಿನ ಬೆಲ್ಟಿನ ಬೆನ್ನಿನ ಮೇಲಿನ ಅಚ್ಚಿನ ಫೋಟೊ ಹಾಕಿ. ತಯಾರಾದ ತಿಂಗಳು ಅಲ್ಲಿ ಓದಲು ಸಿಕ್ಕರೆ ಆ ಮೂರು ವರ್ಷದ ಮಾತು ನಿಜವಾ ಗೊತ್ತಾಗುತ್ತದೆ.

ಕಾವೇರಿತೀರ

ಖಂಡಿತ ಸರ್. ಫೀಲರ್ ಗೇಜ್, ಸೋಪಿನ ನೀರಿನ ಸ್ಪ್ರೇ ಬಾಟಲಿ, ಡಿಎಂಇ ರಿಲೇ ಎಲ್ಲ ಇವತ್ತೇ ಆರ್ಡರ್ ಮಾಡಿದೆ. ಭಾನುವಾರ ಲೀಕ್ ಡೌನ್ ಅಂಕೆಗಳ ಜೊತೆ ಬರೆಯುತ್ತೇನೆ.